ಹಸಿವಕ್ಕನ ಕೊನೆಯ ತುತ್ತು

ಯಾರ ಮುಂದೂ ಹೇಳಿಕೊಳ್ಳುವಂಥ ಚಿಂತೆಯಲ್ಲ ಅದು. ತನಗೆ ತಾನೇ ಹೇಳಿಕೊಳ್ಳುವುದಕ್ಕೂ ನಾಚಿಕೆ. ಬಾಯಲ್ಲಿ ಏನೂ ಇಲ್ಲದಿದ್ದರೂ ಅವಳ ದವಡೆ ಆಡುತ್ತಿತ್ತು. ಮೊದಲು ಗೊತ್ತಾದದ್ದು ಬಸ್ಸಿನಲ್ಲಿ. ಎದುರು ಸೀಟಿನ ಮುದುಕಿ ಬಹಳ ಹೊತ್ತು ನೋಡಿ ನೋಡಿ, ಕೊನೆಗೆ ತಡೆಯಲಾರದೆ, "ಏನಮ್ಮ ತಿಂತಿದ್ದೀಯ? ವಾಸನೆನೇ ಬರ್ತಿಲ್ಲ" ಎಂದು ಕೇಳಿದ್ದಳು. ತುಟಿ ಬಿಗಿದು ಕಿಟಕಿಗೆ ಮುಖ ತಿರುಗಿಸಿದರೆ, ಗಾಜಿನೊಳಗಿನ ಹುಡುಗಿ ಕೊಟ್ಟಿಗೆಯ ಹಸುವಿನ ಹಾಗೆ ಮೆಲ್ಲಗೆ, ಶ್ರದ್ಧೆಯಿಂದ ಗಾಳಿಯನ್ನು ಅಗಿಯುತ್ತಿದ್ದಳು. ಅಂದಿನಿಂದ ಹೊರಗೆ ಹೊರಟರೆ ಒಂದು ಕೈ ಗದ್ದದ ಮೇಲೆಯೇ. ದರ್ಜಿಯ ಕಾಲು ನಿದ್ದೆಯಲ್ಲೂ ತುಳಿಯುತ್ತದಂತೆ, ಇದೂ ಹಾಗೇ ಕೆಲಸದ ಚಟವಿರಬೇಕು ಎಂದು ಸಮಾಧಾನ ಹೇಳಿಕೊಂಡಳು. ಸಮಾಧಾನ ಆಗಲಿಲ್ಲ. ದರ್ಜಿ ಹೊಲಿಯುವವನು ನಿಜ. ತಾನು ಅಗಿಯುವವಳಲ್ಲವಲ್ಲ, ಅಗಿಯುವುದನ್ನು ಕತ್ತರಿಸುವವಳು.

ಅಗಿಯುವವಳು ಅಕ್ಕ. ಮನೆಯಲ್ಲಿ ಬರೀ ಅಕ್ಕ, ಪರದೆಯ ಮೇಲೆ ಹಸಿವಕ್ಕ. ಮುಂದಿನ ಕೋಣೆಯ ಸೋಫಾ, ಟೀವಿ, ತೀರಿಕೊಂಡ ಅಪ್ಪನ ಫೋಟೋ ಎಲ್ಲವನ್ನೂ ಹಿಂದಕ್ಕೆ ತುರುಕಿ ಆ ಜಾಗದಲ್ಲಿ ಉದ್ದನೆಯ ಮೇಜು ಹಾಕಿದ್ದರು. ಮೇಜಿನ ಮೇಲೆ ನೆಲ ಮುಟ್ಟುವ ಬಿಳಿ ಬಟ್ಟೆ, ಎದುರಿಗೊಂದು ಪಕ್ಕಕ್ಕೊಂದು ಕ್ಯಾಮೆರಾ, ಬಿಚ್ಚಿದ ಕೊಡೆಯಂಥ ದೀಪಗಳು. ಬೀದಿಯ ಸದ್ದು ಬರದಿರಲೆಂದು ಕಿಟಕಿಗೆ ಹಳೆಯ ಹಾಸಿಗೆ ಒತ್ತಿದ್ದರು. ಅಮ್ಮ ಒಳಗೆ ಒಂದು ಛತ್ರಕ್ಕಾಗುವಷ್ಟು ಬೇಯಿಸುತ್ತಿದ್ದಳು: ಹುರಿದ ಕೋಳಿಕಾಲು, ಗುಡ್ಡೆಗಟ್ಟಲೆ ಮೊಟ್ಟೆ, ಬೇಸಿನ್ ತುಂಬ ನೂಡಲ್ಸ್. ಅಕ್ಕನ ಗಂಡ, ಅಂದರೆ ಭಾವ, ಕ್ಯಾಮೆರಾ ಮತ್ತು ವ್ಯವಹಾರ ಎರಡನ್ನೂ ನೋಡಿಕೊಳ್ಳುತ್ತಿದ್ದ. ಅಕ್ಕ ಕೂತು ತಿನ್ನುತ್ತಿದ್ದಳು, ಎಲ್ಲೆಲ್ಲಿಯವರೋ ಮೊಬೈಲು ಹಿಡಿದು ನೋಡುತ್ತಿದ್ದರು. ಪದವಿ ಮುಗಿಸಿ, ಹೋದ ಸಂದರ್ಶನಗಳಲ್ಲೆಲ್ಲ ಬಾಯಿ ಬಿಡಲಾಗದೆ ತಿರುಗಿ ಬಂದ ತಂಗಿ ಮೂಲೆಯ ಕಂಪ್ಯೂಟರಿನ ಮುಂದೆ ಕೂತು ಆ ವಿಡಿಯೋವನ್ನೆಲ್ಲ ಕತ್ತರಿಸಿ ಅಂಟಿಸುತ್ತಿದ್ದಳು. ಏನು ಕೇಳಿದರೂ ಪಿಟ್ಟೆನ್ನದವಳು ಎಂದು ಭಾವ ಅವಳಿಗೆ 'ಪಿಟ್ಟಿ' ಎಂದು ಹೆಸರಿಟ್ಟಿದ್ದ. ಈಗ ಅಮ್ಮನೂ ಹಾಗೇ ಕರೆಯುತ್ತಿದ್ದಳು.

ಕತ್ತರಿಸುವುದೆಂದರೆ ಮುಖ್ಯವಾಗಿ ಒಂದೇ ಜಾಗದಲ್ಲಿ. ಅಕ್ಕ ತುತ್ತು ಬಾಯಿಗಿಡುತ್ತಾಳೆ. ಮೈಕಿಗೆ ಕೇಳುವ ಹಾಗೆ ಕರಕರ ಅಗಿಯುತ್ತಾಳೆ. ಕಣ್ಣು ಮುಚ್ಚಿ 'ಮ್ಮ್' ಎನ್ನುತ್ತಾಳೆ. ಇನ್ನೇನು ಗಂಟಲು ಆಡಬೇಕು, ಅಲ್ಲಿಗೆ ಕತ್ತರಿ. ಮರುಕ್ಷಣ ಪಕ್ಕದ ಕ್ಯಾಮೆರಾದಿಂದ ಮುಂದಿನ ತುತ್ತು. ಆ ಎರಡರ ನಡುವೆ ನಡೆಯುವುದು ಮೇಜಿನ ಕೆಳಗೆ, ಬಿಳಿ ಬಟ್ಟೆಯ ಮರೆಯಲ್ಲಿ, ಒಂದು ನೀಲಿ ಬಕೆಟ್ಟಿನೊಳಗೆ. ಭಾವ ಅದಕ್ಕೂ ಹೆಸರಿಟ್ಟಿದ್ದ. "ಪಿಟ್ಟಿ, ಪಾಲುದಾರರು ತುಂಬಿದ್ದಾರೆ, ಕರ್ಕೊಂಡು ಹೋಗು" ಎಂದರೆ ಬಕೆಟ್ಟು ಖಾಲಿ ಮಾಡಬೇಕು ಎಂದರ್ಥ. ತುಟಿಯ ಜಿಡ್ಡು, ಲೋಟದ ನೀರಿನ ಮಟ್ಟ, ಬೆರಳಿಗೆ ಮೆತ್ತಿದ ಸಾಸು ಎರಡೂ ಕಡೆ ತಾಳೆಯಾಗುವ ಹಾಗೆ ಜೋಡಿಸುವುದರಲ್ಲಿ ಪಿಟ್ಟಿಯ ಕೈ ಎಷ್ಟು ಪಳಗಿತ್ತೆಂದರೆ, ಪರದೆಯ ಮೇಲೆ ಹಸಿವಕ್ಕ ನುಂಗುವುದನ್ನು ತಾವೇ ಕಂಡೆವೆಂದು ನೋಡಿದವರು ಆಣೆ ಮಾಡಿಯಾರು.

ಮೊದಲಿನಿಂದ ಹೀಗಿರಲಿಲ್ಲ. ಶುರುವಿನಲ್ಲಿ ಅಕ್ಕ ನಿಜವಾಗಿಯೇ ತಿನ್ನುತ್ತಿದ್ದಳು. ತಿಂದದ್ದು ಮೈಗೆ ಬಂತು. 'ಹಸಿವಕ್ಕ ಹೋಗಿ ಹಂಡೆಯಕ್ಕ ಆದಳು' ಎಂದು ಯಾರೋ ಬರೆದರು, ಸಾವಿರ ಜನ ಅದಕ್ಕೆ ನಕ್ಕರು. ಅಕ್ಕ ಕಡಿಮೆ ತಿಂದಳು. 'ಗುಬ್ಬಿ ತಿಂದ ಹಾಗೆ ತಿನ್ನೋಕೆ ನಿನ್ನ ಚಾನೆಲ್ ಯಾಕೆ' ಎಂದು ಬೈದರು. ಅವರಿಗೆ ಬೇಕಾಗಿದ್ದದ್ದು ಆನೆಯಷ್ಟು ತಿಂದು ಜಿಂಕೆಯಂತಿರುವ ಹೆಂಗಸು. ಅಂಥ ಹೆಂಗಸನ್ನು ದೇವರು ಮಾಡಿಲ್ಲವಾದ್ದರಿಂದ ಭಾವ ಮಾಡಿದ. "ಬಿಸಿತುಪ್ಪ ನುಂಗೋಕಾಗಲ್ಲ ಉಗಿಯೋಕಾಗಲ್ಲ ಅಂತಾರೆ. ನಿಮ್ಮಕ್ಕನಿಗೆ ಆ ಕಷ್ಟಾನೇ ಇಲ್ಲ ನೋಡು" ಎಂದು ಅವನು ನಕ್ಕರೆ ಅಕ್ಕನೂ ನಗುತ್ತಿದ್ದಳು. ಆಗ ಅವಳಿಗೆ ಇನ್ನೂ ನಗು ಬರುತ್ತಿತ್ತು.

ಅಮ್ಮ ಬಕೆಟ್ಟಿನೊಳಗೆ ನೋಡುತ್ತಿರಲಿಲ್ಲ. ಅದು ಅಡುಗೆಮನೆ ದಾಟುವಾಗ ಅದರ ಮೇಲೊಂದು ತಟ್ಟೆ ಮುಚ್ಚಿ ಮುಖ ತಿರುಗಿಸುತ್ತಿದ್ದಳು.

"ಅಮ್ಮ, ಇದು ಸರಿನಾ?" ಎಂದು ಪಿಟ್ಟಿ ಒಮ್ಮೆ ಕೇಳಿದ್ದಳು. ಅಷ್ಟು ಕೇಳುವುದಕ್ಕೆ ಅವಳು ಬೆಳಗಿನಿಂದ ತಯಾರಾಗಿದ್ದಳು.

"ಊಟ ಬಲ್ಲವನಿಗೆ ರೋಗ ಇಲ್ಲ, ಮಾತು ಬಲ್ಲವನಿಗೆ ಜಗಳ ಇಲ್ಲ ಅಂತಾರೆ. ಅವಳಿಗೆ ಊಟ ಗೊತ್ತಿಲ್ಲ, ನಿನಗೆ ಮಾತು ಗೊತ್ತಿಲ್ಲ. ನಾನು ಹೆತ್ತಿದ್ದೇ ಇಂಥವು. ಈರುಳ್ಳಿ ಹೆಚ್ಚು."

ಪಿಟ್ಟಿ ಈರುಳ್ಳಿ ಹೆಚ್ಚಿದಳು.

ಅವಳಿಗೆ ಇನ್ನೊಂದು ಕೆಲಸವಿತ್ತು. ಅದನ್ನು ಅವಳು ಕೆಲಸವೆಂದು ತಿಳಿದಿರಲಿಲ್ಲ; ದಿನವೆಲ್ಲ ಅದಕ್ಕಾಗಿ ಕಾಯುತ್ತಿದ್ದಳು. ಹಸಿವಕ್ಕನಿಗೆ ಬರುವ ಮೆಸೇಜುಗಳಿಗೆ ಹಸಿವಕ್ಕನಾಗಿ ಉತ್ತರ ಬರೆಯುವುದು. ಅಕ್ಕ ಒಂದನ್ನೂ ಓದುತ್ತಿರಲಿಲ್ಲ. ಒಬ್ಬಳೇ ಕೂತು ಉಣ್ಣುವ ವಿಧವೆ ಟೀಚರು, ಸಕ್ಕರೆ ಕಾಯಿಲೆಯ ನಿವೃತ್ತ ಗುಮಾಸ್ತ, ಹಾಸ್ಟೆಲಿನ ಹುಡುಗಿಯರು, ಲಿಫ್ಟಿನೊಳಗೆ ಸ್ಟೂಲು ಹಾಕಿಕೊಂಡು ದಿನ ಕಳೆಯುವ ಲಿಫ್ಟ್‌ಮನ್ನು, ಎಲ್ಲರೂ ಬರೆಯುತ್ತಿದ್ದರು. ಎದುರಿಗೆ ಬಂದರೆ 'ಹ್ಞೂಂ' ಎನ್ನುವುದಕ್ಕೂ ಬೆವರುವ ಪಿಟ್ಟಿ ಅಲ್ಲಿ ಬಾಯಿಬಡುಕಿ. 'ಬಾರೋ ಬಂಗಾರ', 'ಯಾಕೆ ಕಂದ ಮುಖ ಸಪ್ಪಗೆ', 'ನಿನ್ನ ಯಜಮಾನರ ಕಿವಿ ಹಿಂಡಿ ನನ್ನ ಹೆಸರು ಹೇಳು'. ಜನ ಹಸಿವಕ್ಕನ ಬಾಯನ್ನು ನೋಡಲು ಬಂದು ಅವಳ ಮಾತಿಗೆ ಬೀಳುತ್ತಿದ್ದರು. ಬಾಯಿದ್ದವನು ಬರಗಾಲದಲ್ಲೂ ಬದುಕಿದನಂತೆ. ಪಿಟ್ಟಿ ಅಕ್ಕನ ಬಾಯಿ ಕಡ ತಂದು ಬದುಕುತ್ತಿದ್ದಳು.

'ಕೊನೆಯ ತುತ್ತು' ಅವಳದೇ ಕಲ್ಪನೆ. ಪ್ರತಿ ಊಟದ ಕೊನೆಯ ತುತ್ತನ್ನು ಹಸಿವಕ್ಕ ಒಬ್ಬ ನೋಡುಗರ ಹೆಸರು ಹೇಳಿ ಎತ್ತುತ್ತಾಳೆ. "ಇದು ನಿನ್ನ ಪಾಲಿಂದು ಕಂದ. ನಿನ್ನ ಬದಲು ನಾನು ತಿಂದೆ" ಎಂದು ಬಾಯಿಗಿಡುತ್ತಾಳೆ. ಅಷ್ಟೇ. ಆ ತುತ್ತಿಗಾಗಿ ಜನ ಜಗಳವಾಡತೊಡಗಿದರು, ವಾರಗಟ್ಟಲೆ ಕಾದರು, ತಮ್ಮ ಹೆಸರು ಬಂದ ದಿನ ಅತ್ತರು. ಭಾವ ಮೊದಲ ಸಲ ಪಿಟ್ಟಿಯ ಬೆನ್ನು ತಟ್ಟಿ, "ಮೂಲೇಲಿ ಕೂತ ಬೆಕ್ಕೇ ಇಲಿ ಹಿಡಿಯೋದು" ಎಂದಿದ್ದ. ಅವಳೇ ಬರೆದ ಇನ್ನೊಂದು ಮಾತೂ ಅವನಿಗೆ ಹಿಡಿಸಿತು. ಇಷ್ಟು ತಿಂದೂ ತೆಳ್ಳಗೆ ಹೇಗಿದ್ದೀರಿ ಎಂದು ಕೇಳಿದವರಿಗೆ ಏನೋ ಹೇಳಬೇಕಲ್ಲ ಎಂದು ಅವಳು 'ಸಂತೋಷವಾಗಿ ತಿಂದಿದ್ದು ಮೈಗೆ ಹತ್ತಲ್ಲ ಕಂದ' ಎಂದು ಬರೆದಿದ್ದಳು. ಭಾವ ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಅಕ್ಕನ ಹಿಂದಿನ ಗೋಡೆಗೆ ತೂಗುಹಾಕಿಸಿದ.

'ಖಾಲಿ ತಟ್ಟೆ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದವಳು ಮೊದಮೊದಲು ಎಲ್ಲರಂತೆಯೇ ಇದ್ದಳು. ಕಾಲೇಜು, ಅಮ್ಮ ಇಲ್ಲ, ಅಪ್ಪ ಬೀಗ ರಿಪೇರಿ ಮಾಡುವವರು, ಮನೆಯಲ್ಲಿ ಮಾತಿಲ್ಲ. ಪಿಟ್ಟಿಗೆ ಅವಳನ್ನು ಕಂಡರೆ ಪ್ರೀತಿ, ತನ್ನಂಥವಳೇ ಎಂದು. ಒಂದು ಊಟದ ಕೊನೆಯ ತುತ್ತು ಅವಳಿಗೆಂದು ಬರೆದುಕೊಟ್ಟಳು. ಅಂದು ಸಂಜೆ ಖಾಲಿ ತಟ್ಟೆ ಬರೆದಳು: 'ಅಕ್ಕ, ನೀವು ನನ್ನ ಹೆಸರು ಹೇಳಿ ತಿಂದಾಗ ನಿಜವಾಗ್ಲೂ ಹೊಟ್ಟೆ ತುಂಬಿತು. ರಾತ್ರಿ ಊಟ ಬೇಡ ಅನ್ನಿಸ್ತು.' ಪಿಟ್ಟಿ ನಗುವ ಮುಖಗಳ ಒಂದು ಸಾಲು ಕಳಿಸಿದಳು. 'ಹಾಗಾದ್ರೆ ದಿನಾ ನಿನ್ನ ಪಾಲು ನನಗೇ' ಎಂದು ಬರೆದಳು. ತಮಾಷೆಗೆ.

ಆ ಹುಡುಗಿಗೆ ಅದು ತಮಾಷೆಯಾಗಿರಲಿಲ್ಲ. 'ಇವತ್ತು ಮಧ್ಯಾಹ್ನದ್ದೂ ನಿಮಗೇ ಅಕ್ಕ.' 'ಅಪ್ಪ ಬೈದ್ರು, ನೀವು ಮೊಟ್ಟೆ ತಿನ್ನೋ ವಿಡಿಯೋ ಹಾಕಿಕೊಂಡು ತಟ್ಟೆ ಮುಂದೆ ಕೂತೆ, ಸಾಕಾಯ್ತು.' 'ಅಕ್ಕ, ನಿನ್ನೆ ಸಂತೋಷವಾಗೇ ಅರ್ಧ ಬ್ರೆಡ್ಡು ತಿಂದೆ, ಆದ್ರೂ ಮೈಗೆ ಹತ್ತಿತು. ನನ್ನ ಸಂತೋಷ ಸರಿಯಿಲ್ಲ ಅನ್ಸತ್ತೆ.' ಪಿಟ್ಟಿ ಅದನ್ನು ಎರಡು ಸಲ ಓದಿದಳು. 'ಊಟ ಮಾಡು ಕಂದ. ಅಕ್ಕನ ಮೇಲಾಣೆ' ಎಂದು ಬರೆದಳು. ಉತ್ತರ ತಕ್ಷಣ ಬಂತು: 'ನೀವಿದ್ದೀರಲ್ಲ.'

ಪಿಟ್ಟಿ ಆ ಮೆಸೇಜುಗಳನ್ನು ಭಾವನ ಮುಂದೆ ಹಿಡಿದಳು. ಮಾತಾಡುವ ಬದಲು ತೋರಿಸುವುದು ಅವಳ ರೀತಿ. ಭಾವ ಟೀ ಹೀರುತ್ತ ಪೂರ್ತಿ ಓದಿದ.

"ಇಂಥವರೇ ನಮ್ಮ ಅನ್ನದಾತರು. ಅವರು ತಿನ್ನಲ್ಲ, ಅದಕ್ಕೇ ನಮ್ಮ ಊಟ ನಡೀತಿದೆ" ಎಂದು ಫೋನು ವಾಪಸು ಕೊಟ್ಟ. "ಒಳ್ಳೇ ಹುಡುಗಿ. ಹೆಸರು ನೆನಪಿಟ್ಟುಕೋ."

ಅಕ್ಕನಿಗೆ ಹೇಳೋಣವೆಂದರೆ ಅಕ್ಕ ಅಕ್ಕನಾಗಿ ಉಳಿದಿರಲಿಲ್ಲ. ಒಂದು ಮಧ್ಯಾಹ್ನ ಚಿತ್ರೀಕರಣ ಮುಗಿದ ಮೇಲೆ ಬಚ್ಚಲಿನಿಂದ ಕೂಗಿ, "ಮೊಬೈಲ್ ಟಾರ್ಚ್ ಹಾಕಿ ಇಲ್ಲಿ ನೋಡೆ, ಹಿಂದಿನ ಹಲ್ಲು" ಎಂದು ಬಾಯಿ ತೆರೆದಳು. ಕೆಲವು ದಿನ ಉಗಿಯಲು ಸಮಯ ಸಿಗದೆ ನುಂಗಿದ್ದನ್ನು ಆಮೇಲೆ ಬೆರಳು ಹಾಕಿ ಕಕ್ಕುತ್ತಿದ್ದಳು. ಆ ಹುಳಿಗೆ ಹಲ್ಲುಗಳು ಸೀಮೆಸುಣ್ಣದ ಕಡ್ಡಿಯಂತೆ ಸವೆದಿದ್ದವು. ಕೆನ್ನೆಯ ಒಳಗೆಲ್ಲ ಹುಣ್ಣು.

"ಡಾಕ್ಟರ್ ಹತ್ರ..." ಎಂದಳು ಪಿಟ್ಟಿ.

"ಏನಂತ ಹೇಳ್ಲಿ? ತಿಂದು ತಿಂದು ಹೀಗಾಯ್ತು ಅಂತಲೋ, ತಿನ್ನದೆ ಹೀಗಾಯ್ತು ಅಂತಲೋ?" ಅಕ್ಕ ಬಾಯಿ ಮುಕ್ಕಳಿಸಿದಳು. ಕನ್ನಡಿಯಲ್ಲಿ ತಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿನಗೇನೇ, ಹಿಂದೆ ಕೂತು ಉಂಡು ಉಂಡು ಗುಂಡಗಾಗ್ತಿದ್ದೀಯ. ನಿನ್ನನ್ನ ಯಾರು ನೋಡ್ಬೇಕು? ನಾನು ಅನ್ನದ ರುಚಿ ಮರೆತು ಎಷ್ಟು ದಿನ ಆಯ್ತು ಗೊತ್ತಾ? ನನಗೆ ಈಗ ಕೋಳಿನೂ ಒಂದೇ, ಹತ್ತಿನೂ ಒಂದೇ. ಆ ಬಕೆಟ್ಟಿನಲ್ಲಿ ಬಿದ್ದಿದ್ದನ್ನ ನೋಡಿದ್ರೆ ಒಂದೊಂದು ಸಲ ನನಗೆ ಆಸೆಯಾಗತ್ತೆ ಕಣೆ. ಹೋಗು, ನನ್ನ ತಲೆ ತಿನ್ಬೇಡ."

ಪಿಟ್ಟಿ ಆಡಿದ್ದು ಎರಡೇ ಪದ. ಆದರೂ ಹೋದಳು.

ನೋಡುವವರ ಸಂಖ್ಯೆ ಇಳಿಯತೊಡಗಿದಾಗ ಭಾವ ಹೊಸ ಆಟ ಹೂಡಿದ: 'ಹಸಿವಕ್ಕನ ಪಕ್ಕದಲ್ಲಿ ಒಂದು ಊಟ'. ಒಬ್ಬ ಅಭಿಮಾನಿಯನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡು ಊಟ, ಅದೂ ನೇರ ಪ್ರಸಾರದಲ್ಲಿ. ನೇರ ಪ್ರಸಾರದಲ್ಲಿ ಕತ್ತರಿಸುವುದು ಹೇಗೆ? ಅದಕ್ಕೂ ದಾರಿಯಿತ್ತು. ಅಕ್ಕ ಕಿವಿಯೋಲೆ ಮುಟ್ಟಿಕೊಂಡರೆ ಪಿಟ್ಟಿ ಕೀಬೋರ್ಡಿನ ಒಂದು ಕೀಲಿ ಒತ್ತಬೇಕು. ಪರದೆಯ ಮೇಲೆ ಮೊದಲೇ ತೆಗೆದಿಟ್ಟ ದೃಶ್ಯ, ಕೊತಕೊತ ಕುದಿಯುವ ಪಾತ್ರೆ ಬರುತ್ತದೆ, ಕೋಣೆಯ ಸದ್ದೂ ನಿಲ್ಲುತ್ತದೆ. ಅಷ್ಟರಲ್ಲಿ ಮೈಕು ಸರಿಮಾಡುವ ನೆಪದಲ್ಲಿ ಭಾವ ಅತಿಥಿಯನ್ನು ಅತ್ತ ತಿರುಗಿಸುತ್ತಾನೆ, ಅಕ್ಕ ಇತ್ತ ಬಗ್ಗುತ್ತಾಳೆ.

"ಯಾರನ್ನ ಕರೆಯೋದು ಅಂತ ಯೋಚನೆನೇ ಮಾಡ್ಬೇಕಾಗಿಲ್ಲ. ನಿನ್ನ ಖಾಲಿ ತಟ್ಟೆ" ಎಂದ ಭಾವ.

"ಬೇರೆ ಯಾರನ್ನಾದ್ರೂ ಭಾವ... ಆ ಟೀಚರು..."

"ಓಹೋ, ಪಿಟ್ಟಿ ಪಿಟ್ ಅಂದ್ಲು." ಅವನು ಅಡುಗೆಮನೆಯ ಕಡೆ ತಿರುಗಿ, "ಅತ್ತೆ, ಕೇಳಿದ್ರಾ? ಮಳೆ ಬರತ್ತೆ ಇವತ್ತು" ಎಂದ. ಆಮೇಲೆ ದನಿ ಇಳಿಸಿ, "ಉಣ್ಣೋ ಟೀಚರ್ ಉಂಡ್ರೆ ಯಾರು ನೋಡ್ತಾರೆ ಪುಟ್ಟಾ? ಉಣ್ಣದೇ ಇರೋಳು ಉಂಡ್ರೆ ಜನ ಅಳ್ತಾರೆ. ಅಳಿಸೋಣ" ಎಂದ.

ಅವಳು ಬಂದಳು. ಸಂಜೆಯ ಪ್ರಸಾರಕ್ಕೆ ಮಧ್ಯಾಹ್ನವೇ ಬಂದಳು, ಅಪ್ಪನ ಹಿಂದೆ, ಅಪ್ಪನ ನೆರಳಿಗಿಂತ ತೆಳ್ಳಗೆ. ಸೆಕೆಯ ದಿನ, ಮೈಮೇಲೆ ದಪ್ಪ ಸ್ವೆಟರು. ನಮಸ್ಕಾರವೆಂದು ಎತ್ತಿದ ಕೈ ಸ್ವೆಟರಿನ ತೋಳಿನಿಂದ ಹೊರಬಂದಾಗ ಪಿಟ್ಟಿ ನೋಟ ಕೆಳಗಿಳಿಸಿದಳು. ಆ ಮಣಿಕಟ್ಟನ್ನು ಎರಡು ಬೆರಳಲ್ಲಿ ಸುತ್ತಬಹುದಿತ್ತು. ಅದರ ಮೇಲೆ ಹಸುಗೂಸಿಗೆ ಇರುವಂಥ ನವಿರು ಕೂದಲು. ಕೂದಲಿಲ್ಲದ್ದು ನೆತ್ತಿಯ ಮೇಲೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, ಸೆರಗಿನಿಂದ ಬಾಯಿ ಮುಚ್ಚಿ ಒಳಗೆ ಹೋದಳು. ಅಕ್ಕ ಮಾತ್ರ ದೀಪದ ಕೆಳಗೆ ಬಣ್ಣ ಹಚ್ಚಿಕೊಳ್ಳುತ್ತ ಆ ಮಣಿಕಟ್ಟನ್ನೇ ನೋಡಿದಳು. ಆ ನೋಟದಲ್ಲಿ ಕನಿಕರವಿರಲಿಲ್ಲ. ದಿನವೂ ಆ ಮುಖವನ್ನು ಒಂದೊಂದೇ ಚಿತ್ರವಾಗಿ ಕತ್ತರಿಸಿ ಜೋಡಿಸುವ ತಂಗಿಗೆ ಗೊತ್ತು, ಅದು ಹೊಟ್ಟೆಕಿಚ್ಚು.

ಹುಡುಗಿಯನ್ನು ಅಕ್ಕನ ಪಕ್ಕ ಕೂರಿಸಿ ಪೌಡರು ಹಚ್ಚುತ್ತಿರುವಾಗ ಅವಳ ಅಪ್ಪ, ಬೀಗದವರು, ಪಿಟ್ಟಿಯ ಮೇಜಿನ ಹತ್ತಿರ ಬಂದು ನಿಂತರು. ಬೆರಳುಗಳಲ್ಲಿ ಗ್ರೀಸಿನ ಕರೆ ಹಾಗೇ ಇತ್ತು.

"ಇಲ್ಲಿ ಕೆಲಸ ಮಾಡೋರೇನಮ್ಮ ನೀವು?"

ಪಿಟ್ಟಿ ತಲೆಯಾಡಿಸಿದಳು.

"ತಂಗಿ ಅಂತ ತಿಳ್ಕೊಂಡು ಹೇಳ್ತೀನಿ. ಡಾಕ್ಟರು ಆಸ್ಪತ್ರೆಗೆ ಸೇರಿಸಿ ಅಂದಿದ್ದಾರೆ. ಇವಳು ಬರಲ್ಲ ಅಂತಾಳೆ. ನಾನು ಎಂಥೆಂಥ ಬೀಗ ತೆಗೆದಿದ್ದೀನಿ, ಬೀಗದ ಕೈ ಕಳ್ಕೊಂಡ ತಿಜೋರಿನೂ ತೆಗೆದಿದ್ದೀನಿ. ನನ್ನ ಮಗಳು ಕಚ್ಚಿದ ಹಲ್ಲು ಬಿಡಿಸೋಕಾಗ್ಲಿಲ್ಲ. ನಿಮ್ಮ ಮೇಡಂ ಒಂದು ತುತ್ತು ಕೊಟ್ರೆ ತಿಂತೀನಿ ಅಂತ ಮಾತು ಕೊಟ್ಟಿದ್ದಾಳೆ. ಅದಕ್ಕೇ ಅಂಗಡಿ ಮುಚ್ಚಿ ಕರ್ಕೊಂಡು ಬಂದೆ. ಒಂದು ತುತ್ತು ಒಳಗೆ ಹೋದ್ರೆ ಸಾಕು, ಎರಡನೇದು ತಾನೇ ಹೋಗತ್ತೆ. ಮೇಡಂಗೆ ಸ್ವಲ್ಪ ಹೇಳಿ."

ಅವರು ಅಕ್ಕನ ಕಡೆ ನೋಡುತ್ತಿದ್ದ ರೀತಿ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರರನ್ನು ನೋಡುವ ರೀತಿ. ಪಿಟ್ಟಿ ಬಾಯಿ ತೆರೆದಳು. ಹೇಳುವುದಿದ್ದರೆ ಇದೇ ಹೊತ್ತು, ಈ ಮನುಷ್ಯನ ಕಿವಿಯಲ್ಲಿ ಒಂದು ವಾಕ್ಯ ಹಾಕಿದರೆ ಅವರು ಮಗಳ ಕೈ ಹಿಡಿದು ಹೊರಟುಹೋಗುತ್ತಾರೆ. ಹೇಳಿದರೆ ಅಕ್ಕ ಬೀದಿಗೆ ಬರುತ್ತಾಳೆ. ಹೇಳಿದರೆ ಹಸಿವಕ್ಕ ಸಾಯುತ್ತಾಳೆ, ಅವಳ ಜೊತೆ ದಿನವೂ 'ಬಾರೋ ಬಂಗಾರ' ಎನ್ನುತ್ತಿದ್ದ ಇನ್ನೊಬ್ಬಳೂ ಸಾಯುತ್ತಾಳೆ. ಅಕ್ಕನ ಮೇಲಿನ ಕನಿಕರಕ್ಕಿಂತ ಆ ಇನ್ನೊಬ್ಬಳ ಮೇಲಿನ ಆಸೆಯೇ ಅಡ್ಡ ಬಂತು.

"ಹೇಳ್ತೀನಿ" ಎಂದಳು. ಹೇಳಲಿಲ್ಲ.

ಪ್ರಸಾರ ಶುರುವಾಯಿತು. ಭಾವ ಎದುರಿನ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿಟ್ಟು ಪಿಟ್ಟಿಯ ಪಕ್ಕಕ್ಕೆ ಬಂದು ಕೂತ. ಬೀಗದವರು ಬಾಗಿಲ ಬಳಿ ಕೈಕಟ್ಟಿ ನಿಂತರು. ಅಕ್ಕ ಹಸಿವಕ್ಕನಾದಳು. ಕೊಡೆದೀಪದ ಬೆಳಕಿಗೆ ಅವಳ ಮುಖ ಹಣ್ಣಿನಂತೆ ಹೊಳೆಯಿತು.

"ಇವತ್ತು ನಮ್ಮನೆಗೆ ಯಾರು ಬಂದಿದ್ದಾರೆ ನೋಡಿ! ನಿಮ್ಮೆಲ್ಲರ ಖಾಲಿ ತಟ್ಟೆ. ಇವತ್ತು ತುಂಬಿಸಿ ಕಳಿಸೋಣ್ವಾ?"

ಕಾಮೆಂಟುಗಳು ಪಿಟ್ಟಿಯ ಪರದೆಯ ಮೇಲೆ ಇರುವೆ ಸಾಲಿನಂತೆ ಏರತೊಡಗಿದವು. 'ಅಯ್ಯೋ ಪಾಪ.' 'ಇದು ಹುಡುಗೀನೋ ಹ್ಯಾಂಗರೋ.' 'ಹತ್ತು ನಿಮಿಷದಲ್ಲಿ ಒಂದು ಮೊಟ್ಟೆ ಮುಗಿಸಲ್ಲ, ಪಂದ್ಯ ಕಟ್ತೀರಾ?' 'ಗಾಳಿ ಹಾಕ್ಬೇಡಿ, ಹಾರಿಹೋಗ್ತಾಳೆ.' 'ನಾನೂ ಇಷ್ಟು ತೆಳ್ಳಗಾಗ್ಬೇಕು, ಹೇಗೆ ಅಂತ ಕೇಳಿ ಅಕ್ಕ.'

ಅಕ್ಕ ಒಂದು ಮೊಟ್ಟೆಯ ಚೂರು ಎತ್ತಿ ಹುಡುಗಿಯ ಬಾಯ ಹತ್ತಿರ ಹಿಡಿದಳು. ಹುಡುಗಿ ತುಟಿ ತೆರೆದಳು. ಬಾಗಿಲಲ್ಲಿ ಅಪ್ಪನ ತುಟಿಯೂ ತೆರೆಯಿತು. ಚೂರು ಒಳಗೆ ಹೋಯಿತು. ಹುಡುಗಿ ಅದನ್ನು ಅಗಿಯಲಿಲ್ಲ, ನಾಲಗೆಯ ಮೇಲೆ ಕೆಂಡದಂತೆ ಇಟ್ಟುಕೊಂಡು ಕೂತಳು. ಕಣ್ಣಿಂದ ನೀರು ಇಳಿಯಿತು. ಮೆಲ್ಲಗೆ ಅದನ್ನು ಅಂಗೈಗೆ ತೆಗೆದು, "ಆಗ್ತಿಲ್ಲ ಅಕ್ಕ. ಕ್ಷಮಿಸಿ" ಎಂದಳು.

'ಥೂ.' 'ನಾಟಕ.' 'ತಿನ್ನು ತಿನ್ನು ತಿನ್ನು.' ನೋಡುವವರ ಸಂಖ್ಯೆ ಏರುತ್ತಲೇ ಇತ್ತು. ಭಾವ ಪಿಟ್ಟಿಯ ಕಿವಿಯಲ್ಲಿ, "ಬಂಗಾರ ಕಣೆ ಇದು, ಬಂಗಾರ" ಎಂದ.

ಅಕ್ಕನಿಗೆ ಈ ಕೆಲಸ ಗೊತ್ತು. ಅವಳು ಹುಡುಗಿಯ ಅಂಗೈಯಲ್ಲಿದ್ದ ಚೂರನ್ನೇ ಎತ್ತಿಕೊಂಡಳು. "ಅಳಬೇಡ ಕಂದ. ನಿನ್ನ ಪಾಲಿಂದು ನಾನು ತಿಂತೀನಿ, ಆಯ್ತಾ?" ಎಂದು ಬಾಯಿಗಿಟ್ಟುಕೊಂಡಳು. ಹುಡುಗಿಯ ಮುಖ ಅರಳಿತು. ಎಷ್ಟೋ ಕಾಲದಿಂದ ಹೊತ್ತ ಮೂಟೆಯನ್ನು ಯಾರೋ ಇಳಿಸಿಕೊಂಡ ಹಾಗೆ ಬೆನ್ನು ಕುರ್ಚಿಗೆ ಒರಗಿತು. ಪರದೆಯ ಮೇಲೆ ಹೃದಯಗಳು ಸುರಿದವು. 'ಇನ್ನೊಂದು.' 'ಅವಳ ತಟ್ಟೆ ಪೂರ್ತಿ ನೀವೇ ಮುಗಿಸಿ ಅಕ್ಕ.' ಅಕ್ಕ ಇನ್ನೊಂದು ತಿಂದಳು. ಮತ್ತೊಂದು. ಕೋಳಿಕಾಲು, ನೂಡಲ್ಸು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅವಳ ಕೈ ಕಿವಿಯೋಲೆಗೆ ಹೋಯಿತು.

ಪಿಟ್ಟಿಯ ಬೆರಳು ಕೀಲಿಗೆ ಹೋಗುವಷ್ಟರಲ್ಲಿ ಭಾವ ಮಣಿಕಟ್ಟು ಹಿಡಿದುಕೊಂಡ. "ಈಗಲ್ಲ. ಏರ್ತಿದೆ ನೋಡು."

ಅಕ್ಕ ನಕ್ಕಳು, ಅಗಿದಳು, ಮತ್ತೆ ಓಲೆ ಮುಟ್ಟಿದಳು. ಬಾಯಲ್ಲಿದ್ದದ್ದನ್ನು ಕೆನ್ನೆಯ ಮೂಲೆಗೆ, ಹುಣ್ಣಿನ ಮೇಲೆಯೇ, ಒತ್ತರಿಸಿಟ್ಟುಕೊಂಡು ಜಾಗ ಮಾಡಿದಳು. ಕಣ್ಣು ತುಂಬಿತು. 'ನೋಡಿ, ಹಸಿವಕ್ಕ ಅಳ್ತಿದ್ದಾರೆ, ಎಂಥ ಮನಸ್ಸು' ಎಂದು ಯಾರೋ ಬರೆದರು. ಅಕ್ಕ ಓಲೆಯನ್ನು ಈಗ ಮುಟ್ಟುತ್ತಿರಲಿಲ್ಲ, ಹಿಡಿದು ಎಳೆಯುತ್ತಿದ್ದಳು. ಭಾವ ತಲೆ ಅಲ್ಲಾಡಿಸಿದ.

ಆಗ ಹುಡುಗಿ ತಾನಾಗಿಯೇ ಮಾತಾಡಿದಳು. ಅಷ್ಟು ಜನ ನೋಡುತ್ತಿದ್ದಾರೆಂಬುದನ್ನು ಮರೆತವಳಂತೆ, ಅಕ್ಕನೊಬ್ಬಳಿಗೇ ಕೇಳುವ ದನಿಯಲ್ಲಿ.

"ಅಕ್ಕ, ಒಂದು ಕೇಳ್ಲಾ? ನೀವು ಇಷ್ಟು ತಿಂತೀರ, ನನ್ನದೂ ತಿಂತೀರ, ಆದ್ರೂ ಹೀಗಿದ್ದೀರ. ನಾನು ಒಂದು ತುತ್ತು ತಿಂದ್ರೂ ಊದ್ಕೋತೀನಿ. ನಾನು ಎಷ್ಟು ಪ್ರಯತ್ನ ಮಾಡಿದ್ರೂ ನಿಮ್ಮ ಥರ ಸಂತೋಷವಾಗಿ ತಿನ್ನೋಕಾಗಲ್ಲ. ನನ್ನ ಒಳಗೇ ಏನೋ ಕೆಟ್ಟಿದೆ ಅಲ್ವಾ? ನೀವು ಹೌದು ಅಂದ್ರೆ ನಾನು ಇನ್ನು ಪ್ರಯತ್ನ ಮಾಡಲ್ಲ. ಅಪ್ಪನಿಗೂ ಕಷ್ಟ ತಪ್ಪತ್ತೆ."

ಬೀಗದವರು ಒಂದು ಹೆಜ್ಜೆ ಮುಂದೆ ಬಂದು ನಿಂತರು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ. ಅಕ್ಕ ಒಂದು ಕ್ಷಣ ತಂಗಿಯ ಕಡೆ ನೋಡಿದಳು. ಹಸಿವಕ್ಕನ ಮಾತೆಲ್ಲ ಬರುವುದು ಆ ಮೂಲೆಯಿಂದಲೇ ಅಲ್ಲವೇ. ಅಲ್ಲಿಂದ ಏನೂ ಬರಲಿಲ್ಲ. ಅವಳು ಕೆನ್ನೆಯಲ್ಲಿ ತುತ್ತಿಟ್ಟುಕೊಂಡೇ, ಮಂದವಾದ ನಾಲಗೆಯಲ್ಲಿ, ಹಿಂದಿನ ಗೋಡೆಯ ಮೇಲಿದ್ದದ್ದನ್ನು ಹೇಳಿದಳು.

"ಸಂತೋಷವಾಗಿ ತಿಂದಿದ್ದು ಮೈಗೆ ಹತ್ತಲ್ಲ ಕಂದ."

ಹುಡುಗಿ ತಲೆಯಾಡಿಸಿದಳು. ಪರೀಕ್ಷೆಯ ಫಲಿತಾಂಶ ಮೊದಲೇ ಗೊತ್ತಿದ್ದು, ಹಲಗೆಯ ಮೇಲೆ ನೋಡಿ ಖಾತರಿ ಮಾಡಿಕೊಂಡವರು ಹಾಗೆ ತಲೆಯಾಡಿಸುತ್ತಾರೆ. ಅಂಗೈಯ ಜಿಡ್ಡನ್ನು ಸ್ವೆಟರಿಗೆ ಒರೆಸಿಕೊಂಡಳು. "ಸರಿ ಅಕ್ಕ" ಎಂದಳು. ಅವಳ ಮುಖದ ಮೇಲಿನ ಶಾಂತಿ ಕಂಡು ಪಿಟ್ಟಿಗೆ ಅರ್ಥವಾಯಿತು. ಈ ಹುಡುಗಿ ಇನ್ನು ಮನೆಗೆ ಹೋಗಿ ಏನನ್ನೂ ಪ್ರಯತ್ನಿಸುವುದಿಲ್ಲ. ಆ ಒಂದು ವಾಕ್ಯ ತನ್ನದು. ಒಂದು ಮಧ್ಯಾಹ್ನ ಬೇಗ ಬೇಗ ಬರೆದು ಮುಗಿಸಿದ್ದು.

ಬಲಗೈ ಭಾವನ ಹಿಡಿತದಲ್ಲಿತ್ತು. ಪಿಟ್ಟಿ ಎಡಗೈಯಿಂದ ಕೀಲಿ ಒತ್ತಿದಳು.

ಪರದೆಯ ಮೇಲೆ ಪಾತ್ರೆ ಕುದಿಯತೊಡಗಿತು. ಅಷ್ಟೂ ಜನ ಆ ಕುದಿಯುವ ನೀರನ್ನು ನೋಡುತ್ತ ಉಳಿದರು. ಅವರೆಲ್ಲ ನೋಡುತ್ತಿರುವಾಗ ಪಿಟ್ಟಿಗೆ ಮಾತು ಬರುತ್ತಿರಲಿಲ್ಲ. "ಏಯ್, ಏನೇ ಮಾಡ್ದೆ?" ಎಂದು ಭಾವ ಹಲ್ಲು ಕಚ್ಚಿದ. ಆದರೆ ತನ್ನೆದುರಿಗಿಟ್ಟ ಮೊಬೈಲಿನಲ್ಲಿ ಪಾತ್ರೆ ಕಂಡದ್ದೇ ಅಕ್ಕ ಅಭ್ಯಾಸಬಲದಿಂದ ಮೇಜಿನ ಕೆಳಗೆ ಬಗ್ಗಿದ್ದಳು. ಬಿಳಿ ಬಟ್ಟೆಯ ಹಿಂದಿನಿಂದ ಉಗಿಯುವ ಸದ್ದು, ಅದರ ಬೆನ್ನಿಗೇ ಕಕ್ಕುವ ಸದ್ದು ಬಂತು. ಭಾವ ಪಿಟ್ಟಿಯ ಕೈಬಿಟ್ಟು ಓಡಿ ಹೋಗಿ ಹುಡುಗಿಯ ಹೆಗಲು ಹಿಡಿದು ಈಚೆ ತಿರುಗಿಸಿದ. "ಇಲ್ಲಿ ನೋಡಮ್ಮ, ನಿನ್ನ ಮೈಕು ಜಾರಿದೆ."

"ಅಕ್ಕನಿಗೆ ಏನಾಯ್ತು?" ಹುಡುಗಿ ಕತ್ತು ಹೊರಳಿಸಲು ನೋಡಿದಳು.

"ಏನಿಲ್ಲ, ಏನಿಲ್ಲ. ಕರವಸ್ತ್ರ ಬಿತ್ತು, ಎತ್ಕೊಳ್ತಿದ್ದಾಳೆ."

ಪಿಟ್ಟಿ ಕುರ್ಚಿಯಿಂದ ಎದ್ದಿದ್ದಳು. ಯಾವಾಗ ಎದ್ದಳೋ ಅವಳಿಗೇ ಗೊತ್ತಿರಲಿಲ್ಲ. ಅಡುಗೆಮನೆಯ ಬಾಗಿಲಿಂದ ಅಮ್ಮ ತುಟಿಯ ಮೇಲೆ ಬೆರಳಿಟ್ಟು ಬೇಡ ಬೇಡ ಎನ್ನುತ್ತಿದ್ದಳು. ಬೀಗದವರು ಮೇಜಿನ ಬಟ್ಟೆಯನ್ನು, ಅದರಡಿಯಿಂದ ಬರುತ್ತಿದ್ದ ಸದ್ದನ್ನು, ಪಿಟ್ಟಿಯ ಮುಖವನ್ನು ಒಂದಾದ ಮೇಲೊಂದು ನೋಡಿದರು. ಪಿಟ್ಟಿ ಹುಡುಗಿಯ ಎದುರಿಗೆ ಹೋಗಿ ನಿಂತಳು. ಇಷ್ಟು ದಿನ ಇವಳಿಗೆ ಪುಟಗಟ್ಟಲೆ ಬರೆದಿದ್ದರೂ ಎದುರಿಗೆ ನಿಂತು ಆಡುವ ಮೊದಲ ಮಾತು ಇದು. ದನಿ ಕೀರಲಾಗಿ, ಬೇರೆ ಯಾರದೋ ಎಂಬಂತೆ ಹೊರಬಂತು.

"ಅಕ್ಕ ನುಂಗಲ್ಲ. ಬಕೆಟ್ಟಿಗೆ ಉಗೀತಾಳೆ. ನಿನ್ನ ಪಾಲಿಂದು ಇವತ್ತಿನವರೆಗೂ ಯಾರೂ ತಿಂದಿಲ್ಲ."